ಸ್ಪ್ಯಾನಿಷ್ ಕ್ರಿಯಾವಿಶೇಷಣದ ಚರಿತ್ರೆ: ‘ಮೆಂತೆ’ ಎಂಬ ಪ್ರತ್ಯಯವನ್ನು ಕುರಿತು

ವ್ಯಾಕರಣ ಗ್ರಂಥಗಳಲ್ಲಿ ಕ್ರಿಯಾವಿಶೇಷಣಕ್ಕೆ ಸಾಮಾನ್ಯವಾಗಿ ದೊರೆಯುವುದು ಕೊನೆಯ ಪಂಕ್ತಿ. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿಯೂ (ಸು. 1260) ಅವ್ಯಯವನ್ನು ಕುರಿತದ್ದು ಕಡೆಯ ಪ್ರಕರಣ. ಲಿಂಗ, ವಚನ, ವಿಭಕ್ತಿಗಳಿಂದ ವ್ಯಯವಾಗದುದು ಅವ್ಯಯವೆಂಬ ಲಕ್ಷಣ ಪ್ರಯೋಗದ ದೃಷ್ಟಿಯಿಂದ ಸರಿಯಾದುದೇ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದಾಗ ಅನೇಕ ಅವ್ಯಯಗಳು ಒಂದು ಕಾಲಕ್ಕೆ ವಿಭಕ್ತಿಯನ್ನು ಧರಿಸಿದ್ದ ನಾಮಪದಗಳೇ ಆಗಿದ್ದವೆಂಬುದು ತಿಳಿದುಬರುತ್ತದೆ. ಸಂಸ್ಕೃತದ ‘ಶನೈಃ’, ‘ಉಚ್ಚೈಃ’, ‘ನೀಚೈಃ’ ಎಂಬವು ತೃತೀಯಾ ಬಹುವಚನದ ರೂಪಗಳು ಹೆಪ್ಪುಗಟ್ಟಿ ನಿಂತವು. ಇಂತಹ ಪರಿವರ್ತನೆಯನ್ನು ಹಂತಹಂತವಾಗಿ, ಲಿಖಿತ ಆಧಾರಗಳ ಮೂಲಕ ಕಾಣಲು ಅನುಕೂಲವಾದ ಉದಾಹರಣೆ ಸ್ಪ್ಯಾನಿಷ್ ಭಾಷೆಯ ‘ಮೆಂತೆ’ ಪ್ರತ್ಯಯ. ಅದರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ನಮ್ಮ ಭಾಷೆಗಳ ಅಧ್ಯಯನಕ್ಕೆ ದೊರೆಯಬಹುದಾದ ಒಂದು ವಿಧಾನವನ್ನು ಸೂಚಿಸುವುದು ಈ ಲೇಖನದ ಉದ್ದೇಶ.

1

ಲ್ಯಾಟಿನ್ ಭಾಷೆಯಲ್ಲಿ ಗುಣವಾಚಕದಿಂದ ಕ್ರಿಯಾವಿಶೇಷಣವನ್ನು ಸಾಧಿಸಲು ಎರಡು ಮುಖ್ಯ ಪ್ರತ್ಯಯಗಳಿದ್ದವು. ‘ಸ್ಪಷ್ಟ’ ಎಂಬರ್ಥದ ‘ಕ್ಲಾರುಸ್’ ಶಬ್ದದಿಂದ ‘ಕ್ಲಾರೇ’, ‘ಬಲಶಾಲಿ’ ಎಂಬರ್ಥದ ‘ಫೋರ್ತಿಸ್’ ಶಬ್ದದಿಂದ ‘ಫೋರ್ತಿತೆರ್’ ಎಂಬ ರೂಪಗಳು ಸಿದ್ಧವಾಗುತ್ತಿದ್ದವು. ಆಡುನುಡಿಯಲ್ಲಿ ಪದಾಂತ್ಯದ ಧ್ವನಿಗಳು ಸವೆಯುತ್ತ ಬಂದಂತೆ ಈ ಪ್ರತ್ಯಯಗಳು ತಮ್ಮ ಸಾಮರ್ಥ್ಯವನ್ನು ಕಳೆದುಕೊಂಡವು. ಸ್ಪ್ಯಾನಿಷಿನಲ್ಲಿ ಅವುಗಳ ಅವಶೇಷಗಳು ಕೆಲವೇ: ‘ಬೆನೆ’ಯಿಂದ ಬಂದ ‘ಬಿಯೆನ್’ (ಚೆನ್ನಾಗಿ), ‘ಮಲೆ’ಯಿಂದ ಬಂದ ‘ಮಾಲ್’ (ಕೆಟ್ಟದಾಗಿ), ‘ತಾರ್ದೆ’ (ತಡವಾಗಿ) ಮೊದಲಾದವು. ‘ರೋಮನರ ರೀತಿಯಲ್ಲಿ’ ಎಂಬರ್ಥದ ‘ರೊಮಾನಿಕೆ’ ಎಂಬ ಕ್ರಿಯಾವಿಶೇಷಣವೇ ‘ರೊಮಾನ್ಸೆ’ ಎಂದಾಗಿ ಈ ಭಾಷಾವರ್ಗಕ್ಕೆ ಹೆಸರಾಯಿತೆಂಬುದು ಗಮನಾರ್ಹ.

ಹೀಗೆ ತೆರವಾದ ಸ್ಥಾನವನ್ನು ತುಂಬಿದುದು ಒಂದು ನಾಮಪದ. ಲ್ಯಾಟಿನ್ನಿನಲ್ಲಿ ‘ಮೆನ್ಸ್’ ಎಂದರೆ ಮನಸ್ಸು. ಅದು ಸ್ತ್ರೀಲಿಂಗ ಶಬ್ದ. ‘ಇಂದ’ ಎಂಬ ಅರ್ಥವನ್ನು ಕೊಡುವ ವಿಭಕ್ತಿಯಲ್ಲಿ ಅದರ ರೂಪ ‘ಮೆಂತೆ’. ಸಂಸ್ಕೃತದ ‘ಮತಿ’ ಶಬ್ದ ಇದರ ಸಮೀಪದ ಜ್ಞಾತಿ; ಎರಡೂ ಒಂದೇ ಮೂಲಧಾತುವಿಗೆ ಒಂದೇ ಪ್ರತ್ಯಯ ಸೇರಿ ಆದವು. ಕಾತುಲ್ಲುಸ್, ವರ್ಜಿಲ್ ಮೊದಲಾದ ಅಭಿಜಾತ ಕವಿಗಳಲ್ಲಿ ಗುಣವಾಚಕದೊಡನೆ ಈ ರೂಪ ಬಂದಾಗ ‘ದೃಢವಾದ ಮನಸ್ಸಿನಿಂದ’, ‘ಶಾಂತವಾದ ಮನಸ್ಸಿನಿಂದ’ ಎಂಬ ವಾಚ್ಯಾರ್ಥವೇ ಇರುತ್ತದೆ. ಕರ್ತೃ ಮನುಷ್ಯನೋ ದೇವತೆಯೋ ಆಗಿರಬೇಕು. ಕ್ರಿಯೆಗೆ ಮನಸ್ಸಿನ ಸಂಬಂಧವಿರಬೇಕು. ನಾವು ‘ತುಂಬುಮನಸ್ಸಿನಿಂದ ಹರಸಿದರು’ ಎನ್ನುವಂತೆಯೇ ಇದು.

2

ಮನಸ್ಸಿಗೆ ಸಂಬಂಧವಿಲ್ಲದ ಕಡೆ ಈ ರೂಪ ಬಳಕೆಗೆ ಬಂದಾಗ ಪರಿವರ್ತನೆ ಆರಂಭವಾಯಿತೆನ್ನಬೇಕು. ಇದಕ್ಕೆ ವಿದ್ವಾಂಸರು ಪದೇಪದೇ ಉಲ್ಲೇಖಿಸುವ ಸಾಕ್ಷ್ಯವೆಂದರೆ 8ನೆಯ ಶತಮಾನದಲ್ಲಿ ಉತ್ತರ ಫ್ರಾನ್ಸಿನಲ್ಲಿ ಸಿದ್ಧವಾದ, ರೈಕೆನಾವ್ ಪದಟಿಪ್ಪಣಿಗಳೆಂದು ಪ್ರಸಿದ್ಧವಾಗಿರುವ ಕೋಶ. ಲ್ಯಾಟಿನ್ ಬೈಬಲಿನ ಕಠಿಣಪದಗಳಿಗೆ ಸುಲಭಪದಗಳನ್ನು ನೀಡುವ ಈ ಕೋಶದಲ್ಲಿ ‘ಸಿಂಗುಲಾರಿತೆರ್’ ಎಂಬುದಕ್ಕೆ ‘ಸೋಲಾಮೆಂತೆ’ ಎಂಬ ಅರ್ಥವನ್ನು ಕೊಡಲಾಗಿದೆ. ಇಲ್ಲಿ ‘ಒಂಟಿ ಮನಸ್ಸಿನಿಂದ’ ಎಂಬ ಅರ್ಥ ಹೊಂದುವುದಿಲ್ಲ. ‘ಒಂದಾಗಿ, ಕೇವಲ’ ಎಂಬುದಷ್ಟೇ ಅರ್ಥ. ಇಂದು ಸ್ಪ್ಯಾನಿಷಿನಲ್ಲಿ ನದಿಯೂ ‘ಲೆಂತಾಮೆಂತೆ’ (ನಿಧಾನವಾಗಿ) ಹರಿಯಬಲ್ಲುದು. ನದಿಗೆ ಮನಸ್ಸಿಲ್ಲ, ಪ್ರತ್ಯಯದಲ್ಲಿಯೂ ಈಗ ಮನಸ್ಸು ಉಳಿದಿಲ್ಲ. ಸ್ವತಂತ್ರ ಪದವೊಂದು ಅರ್ಥವನ್ನು ಕಳೆದುಕೊಂಡು ವ್ಯಾಕರಣದ ಉಪಕರಣವಾಗುವ ಈ ಕ್ರಿಯೆಗೆ ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ 1912ರಲ್ಲಿ ‘ವ್ಯಾಕರಣೀಕರಣ’ ಎಂಬರ್ಥದ ಹೆಸರನ್ನಿತ್ತನು.

ಮಧ್ಯಯುಗದ ಸ್ಪ್ಯಾನಿಷಿನಲ್ಲಿ ಈ ಪ್ರತ್ಯಯದ ರೂಪ ಸ್ಥಿರವಾಗಿರಲಿಲ್ಲ. ‘ಮಿಯೆಂತೆ’, ‘ಮಿಯೆಂತ್ರೆ’, ‘ಮೆಂತ್’, ‘ಮೆಂತೆ’ ಎಂಬ ಪಾಠಗಳು ದೊರೆಯುತ್ತವೆ. ‘ಮಿಓ ಸಿದ್’ ವೀರಕಾವ್ಯದ ಹಸ್ತಪ್ರತಿಯ ಮೊದಲ ಹಾಳೆ ನಷ್ಟವಾಗಿದೆ; ಉಳಿದಿರುವ ಭಾಗದ ಮೊದಲ ಪಂಕ್ತಿಯಲ್ಲಿಯೇ ‘ಫ್ವೆರ್ತೆಮಿಯೆಂತ್ರೆ’ (ಬಲವಾಗಿ) ಎಂಬ ಪದವಿದೆ. 10ನೆಯ ಅಲ್ಫೊನ್ಸೊ ದೊರೆಯ (ಆಳ್ವಿಕೆ 1252–1284) ಆಶ್ರಯದಲ್ಲಿ ರಚಿತವಾದ ಗದ್ಯದಲ್ಲಿಯೂ ಈ ರೂಪ ಹೇರಳವಾಗಿದೆ. ‘ಅಷ್ಟರಲ್ಲಿ’ ಎಂಬರ್ಥದ ‘ಮಿಯೆಂತ್ರೆ’ ಅವ್ಯಯದ ಪ್ರಭಾವದಿಂದ ಇಲ್ಲಿ ರೇಫ ಬಂದಿತೆಂಬುದು ಒಂದು ವಿವರಣೆ.

ಹಾಗಾದರೆ ಇಂದಿನ ‘ಮೆಂತೆ’ ಎಲ್ಲಿಂದ ಬಂದಿತು? ಕ್ಯಾಸ್ಟೀಲಿನ ಸಹಜ ಧ್ವನಿನಿಯಮದಂತೆ ಲ್ಯಾಟಿನ್ನಿನ ಹ್ರಸ್ವ ಎಕಾರ ಸ್ವರಾಘಾತವುಳ್ಳ ಸ್ಥಾನದಲ್ಲಿ ‘ಇಯೆ’ ಆಗುತ್ತದೆ: ಗಾಳಿ ‘ವಿಯೆಂತೊ’, ಹಲ್ಲು ‘ದಿಯೆಂತೆ’. ‘ಲಕ್ಷ್ಯವಿಡು’ ಎಂಬರ್ಥದ ‘ಪರಾರ್ ಮಿಯೆಂತೆಸ್’ ಎಂಬ ನುಡಿಗಟ್ಟಿನಲ್ಲಿ ಸಹಜರೂಪವಾದ ‘ಮಿಯೆಂತೆ’ ಉಳಿದುಬಂದಿದೆ. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ನೆಲೆಗೊಂಡ ‘ಮೆಂತೆ’ಯಾದರೋ ಲ್ಯಾಟಿನ್ ವಿದ್ಯೆಯ ಸಂಸ್ಕಾರವನ್ನು ಸೂಚಿಸುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ತದ್ಭವವು ಸರಿದು ತತ್ಸಮವು ಮರಳಿತು.

3

ಈ ಚರಿತ್ರೆ ಇಂದಿಗೂ ಮುಗಿದಿಲ್ಲ. ‘ಮೆಂತೆ’ ಒಂದು ಕಾಲಕ್ಕೆ ಸ್ವತಂತ್ರ ಪದವಾಗಿತ್ತೆಂಬುದಕ್ಕೆ ಈಗಿನ ಭಾಷೆಯಲ್ಲಿಯೇ ಮೂರು ಸಾಕ್ಷಿಗಳಿವೆ.

ಮೊದಲನೆಯದು ಲಿಂಗ. ಗುಣವಾಚಕಕ್ಕೆ ಸ್ತ್ರೀಲಿಂಗ ರೂಪವಿದ್ದಲ್ಲಿ ಅದಕ್ಕೇ ಪ್ರತ್ಯಯ ಹತ್ತುತ್ತದೆ: ಪುಲ್ಲಿಂಗ ‘ಕ್ಲಾರೊ’, ಸ್ತ್ರೀಲಿಂಗ ‘ಕ್ಲಾರಾ’, ಕ್ರಿಯಾವಿಶೇಷಣ ‘ಕ್ಲಾರಾಮೆಂತೆ’. ಹೆಣ್ಣಾಗಿದ್ದ ಮನಸ್ಸು ಅಳಿದರೂ ಅದರ ವಿಶೇಷಣ ಸ್ತ್ರೀಲಿಂಗವನ್ನು ಬಿಟ್ಟಿಲ್ಲ. ಎರಡನೆಯದು ಸ್ವರಾಘಾತ. ಸ್ಪ್ಯಾನಿಷ್ ಪದಕ್ಕೆ ಸಾಮಾನ್ಯವಾಗಿ ಒಂದೇ ಪ್ರಧಾನ ಆಘಾತ. ಮೆಂತೆಯುಕ್ತ ಪದಗಳಿಗೆ ಎರಡು. ಆದುದರಿಂದಲೇ ‘ಫಾಸಿಲ್’ (ಸುಲಭ) ಶಬ್ದದ ಮೇಲಿರುವ ಆಘಾತಚಿಹ್ನೆಯನ್ನು ‘ಫಾಸಿಲ್‌ಮೆಂತೆ’ಯಲ್ಲಿಯೂ ಉಳಿಸಿಕೊಳ್ಳಬೇಕೆಂಬುದು ಕಾಗುಣಿತದ ನಿಯಮ. ಮೂರನೆಯದು ಸಮುಚ್ಚಯ. ಎರಡು ಕ್ರಿಯಾವಿಶೇಷಣಗಳು ಒಟ್ಟಿಗೆ ಬಂದರೆ ಪ್ರತ್ಯಯ ಕೊನೆಯದಕ್ಕೆ ಮಾತ್ರ: ‘ಕ್ಲಾರಾ ಇ ಸೆನ್ಸಿಯ್ಯಾಮೆಂತೆ’ (ಸ್ಪಷ್ಟವಾಗಿ ಮತ್ತು ಸರಳವಾಗಿ). ಇಂದಿನ ಫ್ರೆಂಚಿನಲ್ಲಿ ಇದಕ್ಕೆ ಅವಕಾಶವಿಲ್ಲ. ಅಲ್ಲಿ ‘ಮಾಂ’ ಪ್ರತ್ಯಯವನ್ನು ಎರಡೂ ಕಡೆ ಹೇಳಲೇಬೇಕು. ಮೂಲ ಒಂದೇ ಆದರೂ ಫ್ರೆಂಚ್ ಈ ದಾರಿಯಲ್ಲಿ ಮುಂದೆ ಸಾಗಿದೆ, ಸ್ಪ್ಯಾನಿಷ್ ಹಿಂದೆ ನಿಂತಿದೆ. ರೊಮೇನಿಯನ್ ಭಾಷೆಯಂತೂ ಈ ದಾರಿಯನ್ನು ಹಿಡಿಯದೆ ಬರಿಯ ಗುಣವಾಚಕವನ್ನೇ ಕ್ರಿಯಾವಿಶೇಷಣವಾಗಿ ಬಳಸುತ್ತದೆ.

ಸ್ಪ್ಯಾನಿಷಿನಲ್ಲಿಯೂ ‘ಮೆಂತೆ’ ಏಕೈಕ ಮಾರ್ಗವಲ್ಲ. ‘ಆಬ್ಲಾರ್ ಕ್ಲಾರೊ’ (ಸ್ಪಷ್ಟವಾಗಿ ಮಾತನಾಡು) ಎಂಬಲ್ಲಿ ಗುಣವಾಚಕವೇ ಸಾಕು. ‘ಕೋನ್ ಕ್ವಿದಾದೊ’ (ಎಚ್ಚರಿಕೆಯಿಂದ) ಎಂಬಲ್ಲಿ ಉಪಸರ್ಗದೊಡನೆ ನಾಮಪದ ಬರುತ್ತದೆ. ಮೆಂತೆಯುಕ್ತ ಪದಗಳ ಅತಿಬಳಕೆ ಗದ್ಯವನ್ನು ಭಾರವಾಗಿಸುತ್ತದೆಂದು ಭಾವಿಸುವವರುಂಟು. ಗಾರ್ಸಿಯಾ ಮಾರ್ಕ್ವೆಸ್ ತಾನು ಅವನ್ನು ತ್ಯಜಿಸಿದುದಾಗಿ ಹೇಳಿಕೊಂಡಿದ್ದನು.

4

ಈ ಮೂರು ಸಾಕ್ಷಿಗಳು ನಮ್ಮ ‘ಆಗಿ’ಯನ್ನು ನೆನಪಿಗೆ ತರುತ್ತವೆ. ‘ಆಗು’ ಧಾತುವಿನ ಈ ಕೃದಂತವನ್ನು ಕ್ರಿಯಾವಿಶೇಷಣದ ಪ್ರತ್ಯಯವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ಆದರೆ ‘ಸರಳವೂ ಸ್ಪಷ್ಟವೂ ಆಗಿ ಬರೆದನು’ ಎಂಬಲ್ಲಿ ಒಂದೇ ‘ಆಗಿ’ ಎರಡಕ್ಕೂ ಅನ್ವಯಿಸುತ್ತದೆ; ಅದು ಇನ್ನೂ ಪದವೇ. ‘ಚೆನ್ನಾಗಿ’ ಎಂಬುದನ್ನು ಹಾಗೆ ಬಿಡಿಸಲು ಬಾರದು. ಅಲ್ಲಿ ಅದು ಪ್ರತ್ಯಯವಾಗಿಬಿಟ್ಟಿದೆ. ಒಂದೇ ಭಾಷೆಯಲ್ಲಿ, ಒಂದೇ ರೂಪ, ಎರಡು ಹಂತಗಳಲ್ಲಿದೆ. ಇದೇ ಅರ್ಥದ ಧಾತುವಿನಿಂದ ಬಂದ ತಮಿಳಿನ ‘ಆಗ’, ತೆಲುಗಿನ ‘ಗಾ’ ರೂಪಗಳು ಈ ದಾರಿಯಲ್ಲಿ ಎಷ್ಟೆಷ್ಟು ದೂರ ಸಾಗಿವೆ ಎಂಬುದನ್ನು ಇದೇ ಬಗೆಯ ಪರೀಕ್ಷೆಗಳಿಂದ ಅಳೆಯಬಹುದು.

ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿ ಎರಡು ಭಾಷೆಗಳ ನಡುವೆ ದಿನವೂ ಸಂಚರಿಸುವ ಕನ್ನಡ ಸಂಶೋಧಕರಿಗೆ ಈ ಅನುಕೂಲ ಸಹಜವಾಗಿಯೇ ಒದಗಿದೆ. ಪ್ರತ್ಯಯ ಯಾವುದು, ಪದ ಯಾವುದು ಎಂಬ ಪ್ರಶ್ನೆಗೆ ವ್ಯಾಕರಣದ ಪಟ್ಟಿಗಳು ಉತ್ತರ ಕೊಡಲಾರವು. ಕಾಲಕ್ರಮದ ಪ್ರಯೋಗಗಳನ್ನು ಸಂಗ್ರಹಿಸಿ ಹೋಲಿಸಿದರೆ ಮಾತ್ರ ಉತ್ತರ ದೊರೆಯುತ್ತದೆ. ಎರಡು ಸಾವಿರ ವರ್ಷಗಳು ಕಳೆದರೂ ‘ಮೆಂತೆ’ ತನ್ನ ಪೂರ್ವಾಶ್ರಮವನ್ನು ಪೂರ್ತಿಯಾಗಿ ಮರೆತಿಲ್ಲ. ‘ಆಗಿ’ಯ ಚರಿತ್ರೆಯನ್ನೂ ಅಷ್ಟೇ ತಾಳ್ಮೆಯಿಂದ ಬರೆಯಬೇಕಾಗಿದೆ.