ಸರಪಳಿ ಬಿಚ್ಚಿದ ಕೈ ಯಾರದು?

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಅಂಗಳದಲ್ಲಿ ವೈದ್ಯ ಫಿಲಿಪ್ ಪಿನೆಲ್ ನಿಂತಿದ್ದಾನೆ. ಎದುರಿಗೆ ಮನೋರೋಗಿ ಹೆಂಗಸೊಬ್ಬಳ ಸಂಕೋಲೆ ಬಿಚ್ಚಲಾಗುತ್ತಿದೆ. ಟೋನಿ ರಾಬರ್ಟ್-ಫ್ಲೂರಿ 1876ರಲ್ಲಿ ಬರೆದ ಈ ವರ್ಣಚಿತ್ರ ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಚಿತ್ರ ಸೊಗಸಾಗಿದೆ. ನಡೆದದ್ದು ಮಾತ್ರ ಸ್ವಲ್ಪ ಬೇರೆ.

ಮೊದಲು ಸರಪಳಿ ತೆಗೆಸಿದವನು ವೈದ್ಯನಲ್ಲ. ಅವನ ಹೆಸರು ಝಾನ್-ಬತೀಸ್ತ್ ಪುಸ್ಯಾಂ. ಚರ್ಮ ಹದ ಮಾಡುವುದು ಅವನ ಕಸುಬು. ಗಂಡಮಾಲೆ ರೋಗವೆಂದು ಬಿಸೇತ್ರ ಆಸ್ಪತ್ರೆ ಸೇರಿ, ಗುಣವಾದ ಮೇಲೆ ಅಲ್ಲೇ ಕೆಲಸಕ್ಕೆ ನಿಂತು, ಕೊನೆಗೆ ಮನೋರೋಗಿಗಳ ವಿಭಾಗದ ಮೇಲ್ವಿಚಾರಕನಾದ. ಸಿಬ್ಬಂದಿಗೆ ಅವನ ಕಟ್ಟಪ್ಪಣೆ ಒಂದೇ: ಯಾವ ಕಾರಣಕ್ಕೂ ರೋಗಿಯ ಮೇಲೆ ಕೈಮಾಡಕೂಡದು. ಗುಣಮುಖರಾದ ರೋಗಿಗಳನ್ನೇ ಆರಿಸಿ ಸೇವಕರನ್ನಾಗಿ ಇಟ್ಟುಕೊಳ್ಳುತ್ತಿದ್ದ. 1793ರಲ್ಲಿ ಅಲ್ಲಿಗೆ ಬಂದ ಪಿನೆಲ್ ಇದನ್ನೆಲ್ಲ ನೋಡಿ ಕಲಿತ. 1795ರಲ್ಲಿ ಪಿನೆಲ್ ಸಾಲ್ಪೆಟ್ರಿಯೇರ್‌ಗೆ ಹೋದ. ಬಿಸೇತ್ರದಲ್ಲಿ ಪುಸ್ಯಾಂ ಕಬ್ಬಿಣದ ಸರಪಳಿ ತೆಗೆಸಿದ್ದು 1797ರಲ್ಲಿ. ಪಿನೆಲ್ ತನ್ನ ಪುಸ್ತಕದಲ್ಲಿ ಈ ಋಣವನ್ನು ಮುಚ್ಚಿಡಲಿಲ್ಲ, ಮರೆತವರು ನಂತರದವರು. ಸರಪಳಿಯ ಜಾಗಕ್ಕೆ ಕೈಕಟ್ಟುವ ಬಟ್ಟೆಯ ಅಂಗಿ ಬಂತೆಂಬುದನ್ನೂ ಹೇಳಬೇಕು. ಬಿಡುಗಡೆ ಒಂದೇ ದಿನದಲ್ಲಿ ಆಗಲಿಲ್ಲ.

ನಮ್ಮ ಆಫೀಸುಗಳಲ್ಲಿ ಎಸ್ಕಲೇಷನ್ ಎಂದರೆ ದೂರನ್ನು ಮೇಲಿನವರಿಗೆ ಮುಟ್ಟಿಸುವುದು. ಆಸ್ಪತ್ರೆಗಳಲ್ಲಿ ಇಂದು ಕಲಿಸುವ ಡಿ-ಎಸ್ಕಲೇಷನ್ ಬೇರೆಯದೇ ವಿದ್ಯೆ: ಏರಿದ ಸಿಟ್ಟನ್ನು ಮಾತು, ನಿಲುವು, ತಾಳ್ಮೆಗಳಿಂದ ಇಳಿಸುವುದು. ಅದರ ಬೇರು ಪುಸ್ಯಾಂನ ವಾರ್ಡಿನಲ್ಲಿದೆ ಎನ್ನುವುದಾದರೆ, ಅದಕ್ಕೆ ಲೆಕ್ಕ ಇಟ್ಟು ತೋರಿಸಿದ್ದು ಇಂಗ್ಲೆಂಡಿನ ಲಿಂಕನ್ ಆಸ್ಪತ್ರೆ.

1829ರಲ್ಲಿ ಅಲ್ಲಿ ಒಬ್ಬ ರೋಗಿಯನ್ನು ರಾತ್ರಿ ಹಾಸಿಗೆಗೆ ಬಿಗಿದು ಮಲಗಿಸಿದ್ದರು. ಬೆಳಿಗ್ಗೆ ನೋಡಿದಾಗ ಉಸಿರುಗಟ್ಟಿ ಸತ್ತಿದ್ದ. ಆಮೇಲೆ ಒಂದು ಸಣ್ಣ ನಿಯಮ ಬಂತು: ರಾತ್ರಿ ಯಾರನ್ನಾದರೂ ಕಟ್ಟಿಹಾಕಿದರೆ ಆ ಕೋಣೆಯಲ್ಲಿ ಸಿಬ್ಬಂದಿಯೊಬ್ಬರು ಇಡೀ ರಾತ್ರಿ ಇರಬೇಕು. ಅದುವರೆಗೆ ಕಟ್ಟದೆ ಗತಿಯಿಲ್ಲ ಎನ್ನಿಸಿಕೊಂಡಿದ್ದ ಎಷ್ಟೋ ರೋಗಿಗಳನ್ನು ಕಟ್ಟದೆಯೂ ಮಲಗಿಸಬಹುದೆಂದು ಆಗ ಗೊತ್ತಾಯಿತು! ಕಟ್ಟುವುದು ಅಗ್ಗವಾಗಿರುವ ತನಕ ಅದು ಅನಿವಾರ್ಯವಾಗಿ ಕಾಣುತ್ತಿತ್ತು, ಅಷ್ಟೆ.

ಕಟ್ಟಿದ ಪ್ರತಿ ಗಂಟೆಯನ್ನೂ ಅಲ್ಲಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. 1830ರಲ್ಲಿ 92 ರೋಗಿಗಳಿಗೆ ಒಟ್ಟು ಸುಮಾರು 27,000 ಗಂಟೆ. 1837ರಲ್ಲಿ ರೋಗಿಗಳು 130, ಕಟ್ಟಿದ್ದು 28 ಗಂಟೆ. ಮರುವರ್ಷ ಸೊನ್ನೆ. ಪ್ರಾಜೆಕ್ಟ್ ನಡೆಸುವ ನನ್ನಂಥವನಿಗೆ ಇಂಥ ಕೋಷ್ಟಕ ಕಂಡರೆ ಮೊದಲು ಬರುವ ಪ್ರಶ್ನೆ: ಇದಕ್ಕೆ ಬೆಲೆ ಏನು? ಅಲ್ಲಿನ ವೈದ್ಯ ರಾಬರ್ಟ್ ಗಾರ್ಡಿನರ್ ಹಿಲ್ ಅದನ್ನು ಸ್ಪಷ್ಟವಾಗಿ ಹೇಳಿದ್ದ. ಸಾಕಷ್ಟು ಸಂಖ್ಯೆಯ, ಗಟ್ಟಿಮುಟ್ಟಾದ ಸಿಬ್ಬಂದಿ ಬೇಕು. ಹಗಲೂ ರಾತ್ರಿಯೂ ದಯೆಯಿಂದ ಕೂಡಿದ ಕಾವಲು ಬೇಕು. 1839ರಲ್ಲಿ ಜಾನ್ ಕಾನಲಿ ಲಂಡನ್ ಬಳಿಯ ಹ್ಯಾನ್‌ವೆಲ್‌ನಲ್ಲಿ ಸುಮಾರು 800 ರೋಗಿಗಳ ನಡುವೆ ಇದನ್ನೇ ಜಾರಿಗೆ ತಂದ.

ಬೆಲೆ ತೆರುವುದು ನಿಂತಲ್ಲೆಲ್ಲ ಹಗ್ಗ ವಾಪಸು ಬಂತು. 1998ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಕುರಾಂಟ್ ಪತ್ರಿಕೆ, ಹತ್ತು ವರ್ಷಗಳಲ್ಲಿ ಕಟ್ಟಿಹಾಕಿದಾಗ ಅಥವಾ ಅದುಮಿ ಹಿಡಿದಾಗ, ಇಲ್ಲವೇ ಅದರ ಬೆನ್ನಲ್ಲೇ ಸತ್ತ 142 ಜನರ ಲೆಕ್ಕ ಹೊರತೆಗೆಯಿತು. ಆ ವರದಿಗಳ ನಂತರ ಅಲ್ಲಿ ಕಾನೂನು ಬಿಗಿಯಾಯಿತು. ಸಿಬ್ಬಂದಿಗೆ ತರಬೇತಿ ಕಡ್ಡಾಯವಾಗತೊಡಗಿತು. 2012ರಲ್ಲಿ ಅಲ್ಲಿನ ತುರ್ತು ಮನೋವೈದ್ಯರ ಸಂಘ ಹತ್ತು ಸೂತ್ರಗಳನ್ನು ಪ್ರಕಟಿಸಿತು. ಕೆಲವನ್ನು ನೋಡಿ: ಎರಡು ತೋಳಿನಷ್ಟು ದೂರ ನಿಲ್ಲಿ, ಒಬ್ಬರೇ ಮಾತಾಡಿ, ಚಿಕ್ಕ ವಾಕ್ಯ ಬಳಸಿ, ಅವರಿಗೇನು ಬೇಕೆಂದು ಕೇಳಿ, ಆಯ್ಕೆ ಕೊಡಿ. ಎಲ್ಲ ಮುಗಿದ ಮೇಲೆ ರೋಗಿಯೊಂದಿಗೂ ಸಿಬ್ಬಂದಿಯೊಂದಿಗೂ ಕೂತು ನಡೆದದ್ದನ್ನು ಚರ್ಚಿಸಿ.

ನಮ್ಮಲ್ಲಿ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. ಸರಪಳಿಯನ್ನು ಪೂರ್ತಿ ನಿಷೇಧಿಸಿದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆ. ಇನ್ನೊಂದು ಕಡೆ, ವೈದ್ಯರು, ನರ್ಸುಗಳ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲಿ, ಮಹಾರಾಷ್ಟ್ರ 2010ರಲ್ಲಿ ಕಾಯ್ದೆ ತಂದವು. ಜಾಮೀನಿಲ್ಲ, ಮೂರು ವರ್ಷದವರೆಗೆ ಜೈಲು. ಕೇರಳದಲ್ಲೂ ಇಂಥ ಕಾನೂನಿತ್ತು. ಆದರೂ 2023ರ ಮೇ 10ರಂದು ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ, ಪೊಲೀಸರು ಕರೆತಂದ ವ್ಯಕ್ತಿಯೊಬ್ಬ ಕತ್ತರಿಯಿಂದ ಇರಿದು ಯುವ ಹೌಸ್ ಸರ್ಜನ್ ಒಬ್ಬರನ್ನು ಕೊಂದ.

ಅಲ್ಲಿ ಬರೀ ಮಾತು ಅವರನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ಹಿಲ್ ಕೇಳಿದ್ದೂ ಬರೀ ಮಾತನ್ನಲ್ಲ. ಕಲಿತ ಜನ, ಸಾಕಷ್ಟು ಜನ. ಕಾನೂನು ಹಲ್ಲೆಯ ನಂತರ ಕೆಲಸ ಶುರುಮಾಡುತ್ತದೆ. ಹಲ್ಲೆಗೆ ಮುಂಚಿನ ಹತ್ತು ನಿಮಿಷ ಇರುವುದು ನರ್ಸಿನ, ವಾರ್ಡ್‌ಬಾಯ್‌ನ, ಬಾಗಿಲ ಸೆಕ್ಯುರಿಟಿಯವನ ಕೈಯಲ್ಲಿ. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಗುತ್ತಿಗೆಯ ಮೇಲೆ, ಕಡಿಮೆ ಸಂಬಳಕ್ಕೆ ದುಡಿಯುವವರು ಇವರೇ.

ಪರಊರಿನಲ್ಲಿರುವ ನಮಗೆ ಇದು ದೂರದ ಮಾತಲ್ಲ. ಮುಂಬಯಿಯಲ್ಲೋ ಪುಣೆಯಲ್ಲೋ ನಡುರಾತ್ರಿ ಊರಿನಿಂದ ಬಂದ ಅಪ್ಪನನ್ನು ಕ್ಯಾಷುವಾಲ್ಟಿಗೆ ಕರೆದೊಯ್ದಾಗ, ಅವರಿಗೆ ಬರುವುದು ಕನ್ನಡ ಮಾತ್ರ. ಒಳಗೆ ಬಿಡದವನು ಗದರುವುದು ಇನ್ನೊಂದು ಭಾಷೆಯಲ್ಲಿ. ಭಯ ಸಿಟ್ಟಾಗಲು ಅಷ್ಟು ಸಾಕು. ಆ ಬಾಗಿಲಲ್ಲಿ, ‘ಯಜಮಾನ್ರೆ, ಕೂತ್ಕೊಳ್ಳಿ, ಏನಾಯ್ತು ಹೇಳಿ’ ಎನ್ನಲು ಬಲ್ಲ ಒಬ್ಬರಿದ್ದರೆ ರೋಗಿಯೂ ಉಳಿಯುತ್ತಾನೆ, ಡ್ಯೂಟಿಯಲ್ಲಿರುವ ಹುಡುಗಿಯೂ ಕ್ಷೇಮವಾಗಿ ಮನೆಗೆ ಹೋಗುತ್ತಾಳೆ. ಅಂಥವರನ್ನು ತಯಾರು ಮಾಡಲು ಹಣ ಬೇಕು, ಸಮಯ ಬೇಕು. ಲಿಂಕನ್ನಿನವರು ಇನ್ನೂರು ವರ್ಷಗಳ ಹಿಂದೆಯೇ ಅದನ್ನು ಖರ್ಚಿನ ಪಟ್ಟಿಗೆ ಸೇರಿಸಿದ್ದರು.