ನರ್ಸ್ ಪ್ರಾಕ್ಟೀಷನರ್ ಪರವಾನಗಿ ಮತ್ತು ಅಧಿಕಾರ ವ್ಯಾಪ್ತಿ: ಹೊಸಬರಿಗೆ ಮಾಹಿತಿ

ನರ್ಸಿಂಗ್ ಕಲಿತು ಪರದೇಶಕ್ಕೆ ಹೋದವರು ನಮ್ಮ ಕರಾವಳಿಯ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅಮೆರಿಕದಲ್ಲಿ ನೆಲೆಸಿದವರಲ್ಲಿ ಕೆಲವರು ಕೆಲಸದ ಜೊತೆಗೆ ಓದಿ ‘ನರ್ಸ್ ಪ್ರಾಕ್ಟೀಷನರ್’ (ಸಂಕ್ಷೇಪವಾಗಿ ಎನ್‌ಪಿ) ಆಗುತ್ತಾರೆ. ಪದವಿ ಸಿಕ್ಕಿತೆಂದರೆ ಎಲ್ಲವೂ ಮುಗಿಯಿತು ಎಂದು ಊರಿನಲ್ಲಿರುವ ಮನೆಯವರು ತಿಳಿಯುವುದು ಸಹಜ. ಆದರೆ ಪದವಿ ಬೇರೆ, ಪರವಾನಗಿ ಬೇರೆ, ಆ ಪರವಾನಗಿಯಿಂದ ಸಿಗುವ ಅಧಿಕಾರದ ವ್ಯಾಪ್ತಿ ಮತ್ತೂ ಬೇರೆ. ಈ ಮೂರನ್ನು ಒಂದೆಂದು ತಿಳಿದರೆ ರೋಗಿಗೂ ಅಪಾಯ, ಕಷ್ಟಪಟ್ಟು ಗಳಿಸಿದ ಪರವಾನಗಿಗೂ ಅಪಾಯ. ಆದ್ದರಿಂದ ಈ ಕುರಿತು ಕೆಲವು ಮುಖ್ಯ ಮಾಹಿತಿಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಯಾರು ಈ ನರ್ಸ್ ಪ್ರಾಕ್ಟೀಷನರ್?

1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ತಜ್ಞ ಡಾ. ಹೆನ್ರಿ ಸಿಲ್ವರ್ ಮೊದಲ ಎನ್‌ಪಿ ತರಬೇತಿಯನ್ನು ಆರಂಭಿಸಿದರು. ವೈದ್ಯರ ಕೊರತೆ ಇರುವಲ್ಲಿ ಮಕ್ಕಳಿಗೆ ಆರೋಗ್ಯ ಸೇವೆ ಸಿಗಬೇಕೆಂಬುದು ಅದರ ಉದ್ದೇಶವಾಗಿತ್ತು. ಇಂದು ಎನ್‌ಪಿಗಳು ರೋಗಿಯನ್ನು ಪರೀಕ್ಷಿಸುತ್ತಾರೆ, ರಕ್ತಪರೀಕ್ಷೆ ಮತ್ತು ಎಕ್ಸ್‌ರೇ ಬರೆದುಕೊಡುತ್ತಾರೆ, ರೋಗ ಯಾವುದೆಂದು ನಿರ್ಧರಿಸಿ ಔಷಧ ಬರೆಯುತ್ತಾರೆ. ಆದರೆ ಅವರು ವೈದ್ಯರಲ್ಲ. ಉನ್ನತ ತರಬೇತಿ ಪಡೆದ ನರ್ಸ್‌ಗಳು.

ಪರವಾನಗಿಯ ಹಂತಗಳು

1. ಮೊದಲು ನೋಂದಾಯಿತ ನರ್ಸ್ (ಆರ್‌ಎನ್) ಪರವಾನಗಿ ಬೇಕು. ಇದಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು. ಭಾರತದಲ್ಲಿ ಕಲಿತವರ ಅಂಕಪಟ್ಟಿ ಮತ್ತು ನೋಂದಣಿಯ ಪರಿಶೀಲನೆಯೂ ನಡೆಯುತ್ತದೆ.

2. ಬಳಿಕ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಎನ್‌ಪಿ ವಿಷಯದಲ್ಲಿ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಪದವಿ. 2022ರ ರಾಷ್ಟ್ರೀಯ ಮಾನದಂಡದಂತೆ ರೋಗಿಗಳ ನೇರ ಆರೈಕೆಯಲ್ಲಿ ಕನಿಷ್ಠ 750 ಗಂಟೆಗಳ ತರಬೇತಿ ಇರಬೇಕು.

3. ಪದವಿಯ ನಂತರ ತಾವು ಕಲಿತ ವಿಭಾಗದ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆ. ಕುಟುಂಬ ಆರೋಗ್ಯ ವಿಭಾಗದ ಪ್ರಮಾಣಪತ್ರವನ್ನು ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

4. ಕೆಲಸ ಮಾಡುವ ರಾಜ್ಯದ ನರ್ಸಿಂಗ್ ಮಂಡಳಿಯಿಂದ ಎನ್‌ಪಿ ಪರವಾನಗಿ. ಔಷಧ ಬರೆಯುವ ಅಧಿಕಾರಕ್ಕೆ ಕೆಲವು ರಾಜ್ಯಗಳಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು.

5. ವಿಮೆಯ ಬಿಲ್ಲುಗಳಿಗಾಗಿ ಹತ್ತು ಅಂಕಿಗಳ ರಾಷ್ಟ್ರೀಯ ಗುರುತಿನ ಸಂಖ್ಯೆ. ಮಾರ್ಫಿನ್‌ನಂತಹ ನಿಯಂತ್ರಿತ ಔಷಧಗಳನ್ನು ಬರೆಯಲು ಕೇಂದ್ರ ಸರಕಾರದ ಡಿಇಎ ನೋಂದಣಿ. 2023ರ ಜೂನ್‌ನಿಂದ ಈ ನೋಂದಣಿಗೆ ಮಾದಕ ವ್ಯಸನದ ಚಿಕಿತ್ಸೆ ಕುರಿತ ಎಂಟು ಗಂಟೆಗಳ ತರಬೇತಿಯೂ ಬೇಕಾಗಿದೆ.

ಈ ಹಂತಗಳು ಮುಗಿಯಲು ತಿಂಗಳುಗಳೇ ಹಿಡಿಯಬಹುದು. ಓದಿನ ಸಾಲದ ಕಂತು ಇರುವವರು ಈ ಅವಧಿಯ ಖರ್ಚಿಗೆ ಮೊದಲೇ ಹಣ ಹೊಂದಿಸಿಕೊಳ್ಳುವುದು ಒಳ್ಳೆಯದು. ಆರ್‌ಎನ್ ಆಗಿ ಕೆಲಸ ಮುಂದುವರಿಸಬಹುದು. ಆದರೆ ಪರವಾನಗಿ ಕೈಗೆ ಬರುವ ಮೊದಲು ಎನ್‌ಪಿಯ ಕೆಲಸವನ್ನು ವಹಿಸಿಕೊಳ್ಳಬಾರದು.

ರಾಜ್ಯಕ್ಕೊಂದು ಕಾನೂನು

ಅಮೆರಿಕದಲ್ಲಿ ಎನ್‌ಪಿಯ ಅಧಿಕಾರವನ್ನು ನಿರ್ಧರಿಸುವುದು ಆಯಾ ರಾಜ್ಯದ ಕಾನೂನು. ವಾಷಿಂಗ್ಟನ್, ಒರೆಗಾನ್, ಅರಿಜೋನಾ ರಾಜ್ಯಗಳಲ್ಲಿ ಹೊಸ ಎನ್‌ಪಿಯೂ ವೈದ್ಯರೊಂದಿಗೆ ಒಪ್ಪಂದವಿಲ್ಲದೆ ಕೆಲಸ ಮಾಡಬಹುದು. ನ್ಯೂಯಾರ್ಕ್‌ನಲ್ಲಿ 3,600 ಗಂಟೆಗಳ ಅನುಭವ ಆಗುವ ತನಕ ವೈದ್ಯರೊಂದಿಗೆ ಲಿಖಿತ ಒಪ್ಪಂದ ಬೇಕು. ಫ್ಲೋರಿಡಾದ 2020ರ ಕಾನೂನಿನಂತೆ, ವೈದ್ಯರ ಮೇಲ್ವಿಚಾರಣೆಯಲ್ಲಿ 3,000 ಗಂಟೆ ದುಡಿದವರು ಪ್ರಾಥಮಿಕ ಚಿಕಿತ್ಸಾ ಕ್ಷೇತ್ರದಲ್ಲಿ ಸ್ವತಂತ್ರ ಸೇವೆಗೆ ಅರ್ಜಿ ಹಾಕಬಹುದು. ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿ, 2023ರಿಂದ ಅನುಭವಿಗಳಿಗೆ ಹಂತಹಂತವಾಗಿ ಸ್ವಾತಂತ್ರ್ಯ ನೀಡುತ್ತಿದೆ. ಟೆಕ್ಸಾಸ್‌ನಲ್ಲಿ ಎಷ್ಟೇ ಅನುಭವ ಇದ್ದರೂ ಔಷಧ ಬರೆಯಲು ವೈದ್ಯರೊಂದಿಗೆ ಲಿಖಿತ ಒಪ್ಪಂದ ಇರಬೇಕು. ತೀವ್ರ ನೋವಿಗೆ ಕೊಡುವ ಮಾರ್ಫಿನ್‌ನಂತಹ ಔಷಧಗಳನ್ನು ಅಲ್ಲಿನ ಎನ್‌ಪಿ ಸಾಮಾನ್ಯ ಕ್ಲಿನಿಕ್‌ನಲ್ಲಿ ಬರೆಯುವಂತಿಲ್ಲ. ಆಸ್ಪತ್ರೆ ಮತ್ತು ಕೊನೆಗಾಲದ ಆರೈಕೆಯಲ್ಲಿ ಮಾತ್ರ ಷರತ್ತುಗಳೊಂದಿಗೆ ಅವಕಾಶವಿದೆ.

ಹೀಗಾಗಿ ಮದುವೆಯ ಬಳಿಕ ಅಥವಾ ಗಂಡನ ಕೆಲಸದ ನಿಮಿತ್ತ ರಾಜ್ಯ ಬದಲಿಸುವವರು ಎಚ್ಚರದಿಂದಿರಬೇಕು. ಆರ್‌ಎನ್ ಪರವಾನಗಿಗೆ ಹಲವು ರಾಜ್ಯಗಳ ನಡುವೆ ಪರಸ್ಪರ ಮಾನ್ಯತೆಯ ಒಪ್ಪಂದವಿದೆ. ಎನ್‌ಪಿ ಪರವಾನಗಿ ಆ ಒಪ್ಪಂದದೊಳಗೆ ಬರುವುದಿಲ್ಲ.

ಕಲಿತ ವಿಭಾಗದ ಗಡಿ

ರಾಜ್ಯದ ಕಾನೂನಿನ ಜೊತೆಗೆ ಇನ್ನೊಂದು ಗಡಿಯೂ ಇದೆ. ಎನ್‌ಪಿಗಳು ಕುಟುಂಬ, ವಯಸ್ಕರು ಮತ್ತು ವೃದ್ಧರು, ಮಕ್ಕಳು, ನವಜಾತ ಶಿಶುಗಳು, ಮಹಿಳೆಯರು, ಮಾನಸಿಕ ಆರೋಗ್ಯ ಎಂಬ ಆರು ವಿಭಾಗಗಳಲ್ಲಿ ಒಂದನ್ನು ಆರಿಸಿ ಕಲಿಯುತ್ತಾರೆ. ಮಕ್ಕಳ ವಿಭಾಗದಲ್ಲಿ ಕಲಿತವರು ಮಗುವಿನ ಅಜ್ಜಿಯ ಸಕ್ಕರೆ ಕಾಯಿಲೆಗೆ ಔಷಧ ಬರೆಯುವಂತಿಲ್ಲ. ಕುಟುಂಬ ವಿಭಾಗದವರನ್ನು ತೀವ್ರ ನಿಗಾ ಘಟಕಕ್ಕೆ ಹಾಕಿದರೆ ಅಲ್ಲಿಯೂ ಪ್ರಶ್ನೆ ಏಳುತ್ತದೆ. ಜನ ಕಡಿಮೆ ಇದ್ದಾಗ “ಇವತ್ತೊಂದು ದಿನ ನೋಡಿಕೊಳ್ಳಿ” ಎಂದು ಮೇಲಿನವರು ಹೇಳಬಹುದು. ಮಾಲೀಕರು ಒಪ್ಪಿದ ಮಾತ್ರಕ್ಕೆ ಕಾನೂನು ಒಪ್ಪಿದಂತಾಗುವುದಿಲ್ಲ. ದೂರು ಬಂದಾಗ ಮಂಡಳಿಯ ಮುಂದೆ ನಿಲ್ಲಬೇಕಾದವರು ಸಹಿ ಹಾಕಿದ ಎನ್‌ಪಿಯೇ.

ಮೊದಲ ಕೆಲಸಕ್ಕೆ ಸಹಿ ಹಾಕುವ ಮುನ್ನ ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಳ್ಳಬೇಕು: ಒಪ್ಪಂದದ ವೈದ್ಯರು ಯಾರು, ಅವರು ಫೋನಿಗೆ ಸಿಗುತ್ತಾರೆಯೇ? ಆರಂಭದ ತಿಂಗಳುಗಳಲ್ಲಿ ದಿನಕ್ಕೆ ಎಷ್ಟು ರೋಗಿಗಳು? ವೃತ್ತಿ ವಿಮೆ ಯಾರು ಕಟ್ಟುತ್ತಾರೆ, ಕೆಲಸ ಬಿಟ್ಟ ಬಳಿಕ ಬರುವ ದೂರಿಗೂ ಅದು ಅನ್ವಯಿಸುತ್ತದೆಯೇ?

ಊರಿಗೆ ಬಂದಾಗ

ರಜೆಯಲ್ಲಿ ಊರಿಗೆ ಬಂದವರನ್ನು ವೈದ್ಯಕೀಯ ಶಿಬಿರಕ್ಕೆ ಕರೆಯುವ ಧರ್ಮಕೇಂದ್ರಗಳೂ ಸಂಘಟನೆಗಳೂ ಒಂದು ವಿಷಯವನ್ನು ಗಮನಿಸಬೇಕು. ಅಮೆರಿಕದ ಎನ್‌ಪಿ ಪರವಾನಗಿಗೆ ಇಲ್ಲಿ ಮಾನ್ಯತೆ ಇಲ್ಲ. ಅಲ್ಲಿ ದಿನವೂ ಔಷಧ ಬರೆಯುವವರು ಇಲ್ಲಿ ಬರೆಯುವಂತಿಲ್ಲ. ಆ ಅಧಿಕಾರ ನೋಂದಾಯಿತ ವೈದ್ಯರದ್ದು. ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಊರ್ಜಿತದಲ್ಲಿದ್ದರೆ ಅವರು ವೈದ್ಯರ ಜೊತೆ ನರ್ಸ್ ಆಗಿ ಸೇವೆ ನೀಡಬಹುದು. ಆರೋಗ್ಯ ತಿಳುವಳಿಕೆ ನೀಡಲು ಅವರಿಗಿಂತ ಸಮರ್ಥರು ಸಿಗುವುದು ಕಷ್ಟ. ಔಷಧದ ಚೀಟಿಗೆ ಮಾತ್ರ ವೈದ್ಯರು ಶಿಬಿರದಲ್ಲಿ ಇರಲೇಬೇಕು.

ನಮ್ಮ ದೇಶದಲ್ಲಿಯೂ ಎನ್‌ಪಿ ಶಿಕ್ಷಣ ಆರಂಭವಾಗಿದೆ. ತೀವ್ರ ನಿಗಾ ಚಿಕಿತ್ಸೆಯಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದೆ. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯಂತೆ ಹೆರಿಗೆ ಆರೈಕೆಯಲ್ಲಿ 18 ತಿಂಗಳ ತರಬೇತಿ ಇದೆ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಇಲ್ಲಿ ಕಲಿಯಲು ಬಯಸುವವರು ಶುಲ್ಕ ಕಟ್ಟುವ ಮೊದಲು ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು: ಆ ಕಾಲೇಜಿಗೆ ಈ ಶಿಕ್ಷಣಕ್ಕೆ ಮಾನ್ಯತೆ ಇದೆಯೇ, ಮುಗಿಸಿದವರಿಗೆ ಎನ್‌ಪಿ ಹುದ್ದೆಯನ್ನೇ ಕೊಡುವ ಆಸ್ಪತ್ರೆ ಯಾವುದು?

ಕಾನೂನುಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ರಾಜ್ಯದ ನರ್ಸಿಂಗ್ ಮಂಡಳಿಯ ನಿಯಮವನ್ನೇ ಓದಿ ಮುಂದುವರಿಯಬೇಕೆಂದು ವಿನಂತಿಸುತ್ತೇವೆ. ನಿಮ್ಮ ಮನೆಯಲ್ಲಿ ಈ ಹಾದಿಯಲ್ಲಿರುವವರಿದ್ದರೆ ಈ ಮಾಹಿತಿಯನ್ನು ಅವರಿಗೂ ತಲುಪಿಸಿ. ಹೊಸದಾಗಿ ಸೇವೆಗೆ ಕಾಲಿಡುತ್ತಿರುವ ಎಲ್ಲರಿಗೂ ನಮ್ಮ ಶುಭ ಹಾರೈಕೆಗಳು.