ಹಳದಿ ಕೈಗಳು

ನಮ್ಮಲ್ಲಿ ಕೈ ಹಳದಿಯಾಯಿತೆಂದರೆ ಅರಿಶಿನ ನೆನಪಾಗುತ್ತದೆ, ಮದುವೆಮನೆ ನೆನಪಾಗುತ್ತದೆ. ಮೊದಲ ಮಹಾಯುದ್ಧದ ಕಾಲದ ಇಂಗ್ಲೆಂಡಿನ 'ಕ್ಯಾನರಿ ಹುಡುಗಿಯರ' ಬಗ್ಗೆ ಓದಿದಾಗ, ಅದಕ್ಕೇ ಇರಬೇಕು, ಆ ಹೆಸರು ನನಗೆ ಮುದ್ದಾಗಿಯೇ ಕೇಳಿಸಿತು. ಕ್ಯಾನರಿ ಎಂದರೆ ಹಳದಿ ಬಣ್ಣದ ಪುಟ್ಟ ಹಾಡುಹಕ್ಕಿ. ಆದರೆ ಆ ಹುಡುಗಿಯರ ಮೈಗೆ ಬಣ್ಣ ಹತ್ತಿದ್ದು ಟಿಎನ್‌ಟಿ ಎಂಬ ಸಿಡಿಮದ್ದಿನಿಂದ.

1915ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಬ್ರಿಟಿಷ್ ಫಿರಂಗಿಗಳಿಗೆ ಷೆಲ್ಲುಗಳು ಸಾಲದಾದವು. ಲಾಯ್ಡ್ ಜಾರ್ಜ್ ಕೈಕೆಳಗೆ ಮದ್ದುಗುಂಡುಗಳಿಗೆಂದೇ ಹೊಸ ಸಚಿವಾಲಯ ಹುಟ್ಟಿತು. ಗಂಡಸರು ಸೇನೆಗೆ ಹೋಗಿದ್ದರಿಂದ ಕಾರ್ಖಾನೆಗಳು ಹೆಂಗಸರನ್ನು ಕರೆದವು. ಮನೆಗೆಲಸ ಬಿಟ್ಟು ಬಂದವರಿಗೆ ಇಲ್ಲಿನ ಕೂಲಿ ದೊಡ್ಡದು. ಗಂಡಸರ ಕೂಲಿಯ ಮುಂದೆ ಚಿಕ್ಕದು. ಷೆಲ್ಲಿಗೆ ಮದ್ದು ತುಂಬುವವರ ಚರ್ಮ ಹಳದಿಗೆ ತಿರುಗುತ್ತಿತ್ತು, ಕೂದಲು ಕೆಂಚಗಾಗುತ್ತಿತ್ತು. ಆ ವಿಷದಿಂದ ಯಕೃತ್ತು ಕೆಟ್ಟು, ಕಾಮಾಲೆಯಾಗಿ ಸತ್ತವರೂ ಇದ್ದರು.

ಲೀಡ್ಸ್ ಬಳಿಯ ಬಾರ್ನ್‌ಬೋ ಕಾರ್ಖಾನೆಯಲ್ಲಿ, ಕಿಡಿ ಹಾರೀತೆಂಬ ಭಯಕ್ಕೆ ಹೇರ್‌ಪಿನ್ನನ್ನೂ ಒಳಗೆ ಬಿಡುತ್ತಿರಲಿಲ್ಲ. 1916ರ ಡಿಸೆಂಬರ್ 5ರ ರಾತ್ರಿ ಹತ್ತರ ಪಾಳಿ ಆಗಷ್ಟೇ ಶುರುವಾಗಿತ್ತು. 42ನೇ ಕೋಣೆಯಲ್ಲಿ ಸ್ಫೋಟವಾಗಿ 35 ಹೆಂಗಸರು ಸತ್ತರು. ಕೆಲವರ ಗುರುತು ಸಿಕ್ಕಿದ್ದು ಅವರು ಧರಿಸಿದ್ದ ಬಿಲ್ಲೆಗಳಿಂದ ಮಾತ್ರ. ಸೆನ್ಸಾರ್ ಇದ್ದುದರಿಂದ ಪತ್ರಿಕೆಗಳು ಎಲ್ಲಿ, ಏನಾಯಿತೆಂದು ಬರೆಯುವಂತಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಬೇರೆ ಹೆಂಗಸರು ತಾವಾಗಿ ಮುಂದೆ ಬಂದು ಅದೇ ಕೋಣೆಯಲ್ಲಿ ಕೆಲಸಕ್ಕೆ ನಿಂತರು.

ಯುದ್ಧದಲ್ಲಿ ದುಡಿದದ್ದಕ್ಕೆ ಪ್ರತಿಫಲವಾಗಿ ಬ್ರಿಟನ್ನಿನ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿತು ಎಂದು ನಾನೂ ಪರೀಕ್ಷೆಯಲ್ಲಿ ಬರೆದವನೇ. ಉತ್ತರಕ್ಕೆ ಅಂಕವೂ ಬಂತು. ಆಮೇಲೆ 1918ರ ಆ ಕಾಯ್ದೆ ಏನು ಹೇಳುತ್ತದೆಂದು ನೋಡಿದೆ. ಹೆಂಗಸಿಗೆ 30 ತುಂಬಿರಬೇಕು. ಮನೆ-ಆಸ್ತಿಯ ಷರತ್ತು ಬೇರೆ. ಯುದ್ಧಸೇವೆಯಲ್ಲಿದ್ದ ಗಂಡಸಿಗಾದರೆ 19 ಸಾಕು. ಮದ್ದು ತುಂಬಿದ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮೂವತ್ತು ಆಗಿರಲೇ ಇಲ್ಲ. ಷೆಲ್ ಹಾರಿಸಿದ ಹುಡುಗನಿಗೆ ಸಂದದ್ದು ಅದನ್ನು ತುಂಬಿದ ಹುಡುಗಿಗೆ ಸಲ್ಲಲಿಲ್ಲ. ಯುದ್ಧ ಮುಗಿದ ಮೇಲೆ, 1919ರ ಇನ್ನೊಂದು ಕಾಯ್ದೆ ಕಾರ್ಖಾನೆಯ ಕೆಲಸಗಳನ್ನು ಮತ್ತೆ ಗಂಡಸರಿಗೆ ಒಪ್ಪಿಸಿತು.

ಮದ್ದಿನ ಕೆಲಸ ಬಿಟ್ಟ ಮೇಲೆ ಮೈಗೆ ಹತ್ತಿದ ಹಳದಿ ಮೆಲ್ಲಗೆ ಮಾಸುತ್ತಿತ್ತು. ಗಂಡಸರಂತೆ 21ಕ್ಕೇ ಮತ ಹಾಕುವ ಹಕ್ಕು ಹೆಂಗಸರಿಗೆ ಬಂದದ್ದು ಮಾತ್ರ 1928ರಲ್ಲಿ. ಆ ಪರೀಕ್ಷೆಯ ಉತ್ತರವನ್ನು ಈಗ ಬರೆಯುವುದಾದರೆ ಈ ಹತ್ತು ವರ್ಷಗಳನ್ನು ಬಿಡಲಾರೆ.